ಬ್ಯಾಟು ಬಿಟ್ಟು ಓಡು

ಮಗಳ ಮನೆಯೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಕೂತು ಬರುವ ನಮ್ಮಂಥ ಅಪ್ಪಂದಿರಿಗೆ ಅಲ್ಲಿ ದೊಡ್ಡ ಸಮಸ್ಯೆಯೆಂದರೆ ಹೊತ್ತು ಕಳೆಯುವುದು. ಅಮ್ಮಂದಿರಿಗಾದರೆ ಅಡುಗೆಮನೆ ಇದೆ, ಬಾಣಂತನವಿದೆ, ಊರಿಂದ ಒಯ್ದ ಉಪ್ಪಿನಕಾಯಿಯ ಉಸ್ತುವಾರಿ ಇದೆ. ನಮಗೆ ಬೆಳಗಿನ ಒಂದು ಸುತ್ತು ವಾಕಿಂಗ್, ಆಮೇಲೆ ಫೋನಿನಲ್ಲಿ ಊರಿನ ಪೇಪರು, ಅಷ್ಟೆ. ನ್ಯೂಜೆರ್ಸಿಯಲ್ಲಿ ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಮಗಳು, "ಅಪ್ಪ, ಸ್ವೆಟರ್ ಹಾಕ್ಕೊಂಡು ಬಾ, ಇವನದು ಬೇಸ್‌ಬಾಲ್ ಮ್ಯಾಚಿದೆ" ಎಂದಳು. ಹೋದೆ.

ಎಂಟು ವರ್ಷದ ಮೊಮ್ಮಗ ತಲೆಗಿಂತ ದೊಡ್ಡ ಹೆಲ್ಮೆಟ್ಟು ಹಾಕಿಕೊಂಡು ಬ್ಯಾಟಿಂಗಿಗೆ ಇಳಿದ. ಎರಡು ಸಲ ಗಾಳಿಗೆ ಬೀಸಿ ಮೂರನೆಯದಕ್ಕೆ ಹೇಗೋ ತಾಗಿಸಿದ. ಚೆಂಡು ಹುಲ್ಲಿನ ಮೇಲೆ ಉರುಳಿಕೊಂಡು ಹೋಯಿತು. ಹುಡುಗ ಓಡಿದ, ಬ್ಯಾಟನ್ನು ಕೈಯಲ್ಲೇ ಹಿಡಿದುಕೊಂಡು. ಬೇಲಿಯಾಚೆಯಿಂದ ಇಪ್ಪತ್ತು ಮೂವತ್ತು ದನಿಗಳು ಒಟ್ಟಿಗೇ ಕೂಗಿದವು, ಬ್ಯಾಟು ಬಿಡು, ಬ್ಯಾಟು ಬಿಡು ಎಂದು. ಅವನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಮೊದಲ ಬೇಸಿನ ಹತ್ತಿರ ಬಂದವನೇ ಬಗ್ಗಿ, ಬ್ಯಾಟಿನ ತುದಿಯನ್ನು ಆ ಬಿಳಿಯ ದಿಂಬಿನಂಥ ಬೇಸಿಗೆ ಮುಟ್ಟಿಸಿದ. ಅಚ್ಚುಕಟ್ಟಾಗಿ ಕ್ರೀಸ್ ಮುಟ್ಟಿದ ಹಾಗೆ. ನನ್ನ ಪಕ್ಕದಲ್ಲಿದ್ದ ಅಳಿಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಚಳಿಗಾಲವಿಡೀ ಗ್ಯಾರೇಜಿನೊಳಗೆ ಮಗನಿಗೆ ಕ್ರಿಕೆಟ್ ಕಲಿಸಿದ್ದು ಅವನೇ.

ಕೋಚ್ ಬಯ್ಯಲಿಲ್ಲ. ಹುಡುಗನ ಮುಂದೆ ಮಂಡಿಯೂರಿ ಏನೋ ಹೇಳಿ ಹೆಲ್ಮೆಟ್ಟಿನ ಮೇಲೊಂದು ತಟ್ಟಿದ. ಆತ ವೃತ್ತಿಯಲ್ಲಿ ಪ್ಲಂಬರ್. ಅಂಪೈರ್ ಆಗಿ ನಿಂತಿದ್ದವನು ಹೈಸ್ಕೂಲಿನ ಹುಡುಗ. ಬೆಳಗ್ಗೆ ಬೇಗ ಬಂದು ಮೈದಾನಕ್ಕೆ ಸುಣ್ಣದ ಗೆರೆ ಎಳೆದದ್ದು ಎದುರು ತಂಡದ ಮಗುವೊಂದರ ತಾಯಿ. ಎರಡನೇ ಮ್ಯಾಚಿನ ಹೊತ್ತಿಗೆ ನೋಡುತ್ತೇನೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಮ್ಮ ಅಳಿಯ ಮೈದಾನದ ತಿಂಡಿ ಅಂಗಡಿಯಲ್ಲಿ ನಿಂತು ಇಕ್ಕಳದಲ್ಲಿ ಹಾಟ್‌ಡಾಗ್ ಹೊರಳಿಸುತ್ತಿದ್ದಾನೆ! ಸರದಿ ತಪ್ಪಿಸಿದರೆ ವರ್ಷದ ಮೊದಲಿಗೆ ಕೊಟ್ಟ ಠೇವಣಿ ಚೆಕ್ಕನ್ನು ಲೀಗಿನವರು ಬ್ಯಾಂಕಿಗೆ ಹಾಕಿಬಿಡುತ್ತಾರಂತೆ. ಅಂಪೈರ್ ಹುಡುಗನಿಗೆ ಸಿಗುವ ಒಂದಿಷ್ಟು ಕೈಖರ್ಚು ಬಿಟ್ಟರೆ ಅಲ್ಲಿ ಸಂಬಳ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಅಷ್ಟು ತಿಳಿದ ಮೇಲೆ ನನಗೆ ಆಟಕ್ಕಿಂತ ಆ ಏರ್ಪಾಡಿನ ಮೇಲೇ ಕುತೂಹಲ ಹುಟ್ಟಿತು. ಉಳಿದ ತಿಂಗಳುಗಳು ಅದರ ಇತಿಹಾಸ, ನಿಯಮಗಳನ್ನು ಓದುವುದರಲ್ಲಿ ಕಳೆದವು.

ಈ ಏರ್ಪಾಡಿನ ಹೆಸರು ಲಿಟಲ್ ಲೀಗ್. ಹುಟ್ಟಿದ್ದು ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ. ಸಸ್ಕ್ವೆಹಾನಾ ನದಿಯ ದಡದಲ್ಲಿರುವ ಆ ಊರು ಒಂದು ಕಾಲಕ್ಕೆ ಮರದ ವ್ಯಾಪಾರದಿಂದ ಮೆರೆದದ್ದು. ನದಿಯಲ್ಲಿ ತೇಲಿಬರುತ್ತಿದ್ದ ದಿಮ್ಮಿಗಳನ್ನು ಕೊಯ್ದು ಮಾರಿ ಲಕ್ಷಾಧೀಶರಾದವರ ಬಂಗಲೆಗಳು ಈಗಲೂ ಅಲ್ಲಿವೆ. 1930ರ ದಶಕದ ಮುಗ್ಗಟ್ಟಿನ ದಿನಗಳಲ್ಲಿ ಅಲ್ಲಿದ್ದ ಕಾರ್ಲ್ ಸ್ಟಾಟ್ಜ್ ಎಂಬಾತ ಸಾಮಾನ್ಯ ನೌಕರ. ಗಂಡುಮಕ್ಕಳಿರಲಿಲ್ಲ, ಇಬ್ಬರು ಸೋದರಳಿಯಂದಿರನ್ನು ಕಟ್ಟಿಕೊಂಡು ಹಿತ್ತಿಲಲ್ಲಿ ಚೆಂಡಾಡುತ್ತಿದ್ದ. 1938ರಲ್ಲಿ ಒಂದು ದಿನ ಚೆಂಡಿನ ಹಿಂದೆ ಓಡುವಾಗ ಲೈಲಾಕ್ ಗಿಡದ ಕತ್ತರಿಸಿದ ಮೋಟು ಕಾಲಿಗೆ ತಾಗಿ ಕೆಳಗೆ ಕೂತ. ನೋವಿನಲ್ಲಿ ಕೂತವನಿಗೆ ತನ್ನ ಬಾಲ್ಯ ನೆನಪಾಯಿತಂತೆ. ದೊಡ್ಡ ಹುಡುಗರು ಎಂದೂ ತನ್ನನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಂಡರೂ ಒಂದು ಒಳ್ಳೆಯ ಬ್ಯಾಟಿರಲಿಲ್ಲ, ಮೈಮೇಲೆ ತಂಡದ ಅಂಗಿಯಿರಲಿಲ್ಲ. ನಿಮಗೇ ಒಂದು ತಂಡ ಕಟ್ಟಿಕೊಡುತ್ತೇನೆ ಎಂದು ಮಕ್ಕಳಿಗೆ ಅಲ್ಲೇ ಮಾತು ಕೊಟ್ಟ.

ಮಾತು ಕೊಟ್ಟ ಮೇಲೆ ತೊಡಕುಗಳು ಕಾಣಿಸಿದವು. ದೊಡ್ಡವರ ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ, ಚೆಂಡೆಸೆಯುವ ಪಿಚರ್‌ನಿಂದ ಬ್ಯಾಟು ಹಿಡಿದವನಿಗೆ 60 ಅಡಿ 6 ಅಂಗುಲ. ಒಂಬತ್ತು ವರ್ಷದ ಹುಡುಗ ಅಷ್ಟು ದೂರ ಎಸೆಯುವುದೆಂತು, ಓಡುವುದೆಂತು? ಸ್ಟಾಟ್ಜ್ ಅಕ್ಕಪಕ್ಕದ ಮನೆಯ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ಹಳೆಯ ದಿನಪತ್ರಿಕೆಗಳನ್ನು ಮಡಚಿ ಬೇಸ್‌ಗಳ ಜಾಗದಲ್ಲಿಟ್ಟು ಓಡಿಸಿದ. ಓಡುವವನು ಸುಲಭವಾಗಿ ಗೆದ್ದರೆ ಪತ್ರಿಕೆಯನ್ನು ಸ್ವಲ್ಪ ದೂರ ಸರಿಸುವುದು, ಚೆಂಡು ಸುಲಭವಾಗಿ ಗೆದ್ದರೆ ಹತ್ತಿರ ಎಳೆಯುವುದು. ಓಡುವವನೂ ಚೆಂಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದು ಮುಟ್ಟುವ ಅಂತರ ಸಿಕ್ಕುವತನಕ ಈ ಸರಿಸಾಟ ನಡೆಯಿತು. ಕೊನೆಗೆ ನಿಂತದ್ದು 60 ಅಡಿಗೆ. ನಮ್ಮ ಕ್ರಿಕೆಟ್ ಪಿಚ್ಚಿಗಿಂತ ಆರಡಿ ಕಮ್ಮಿ. ಪಿಚರ್ ನಿಲ್ಲುವ ಜಾಗ ಈಗ 46 ಅಡಿಗಿದೆ, ಆಟ ಒಂಬತ್ತು ಇನ್ನಿಂಗ್ಸಿನ ಬದಲು ಆರೇ ಇನ್ನಿಂಗ್ಸು. ದಿನಪತ್ರಿಕೆಯಿಂದ ಇಷ್ಟು ಒಳ್ಳೆಯ ಕೆಲಸವಾದದ್ದನ್ನು ಪತ್ರಿಕೆಯಲ್ಲಿ ಬರೆಯುವ ನಾನು ಬೇರೆಲ್ಲೂ ಕೇಳಿಲ್ಲ.

ಇನ್ನು ದುಡ್ಡು. ಊರಿನ ಅಂಗಡಿ, ಕಾರ್ಖಾನೆ, ಕಚೇರಿಗಳ ಬಾಗಿಲು ತಟ್ಟುತ್ತ ಹೋದ ಸ್ಟಾಟ್ಜ್‌ಗೆ 56 ಕಡೆ ಇಲ್ಲವೆಂದರು, 57ನೆಯ ಬಾಗಿಲಿನಲ್ಲಿ ಒಂದು ಹಾಲಿನ ಡೇರಿ 30 ಡಾಲರ್ ಕೊಟ್ಟಿತು ಎಂದು ಅಲ್ಲಿನವರು ಹೇಳುತ್ತಾರೆ. ಆಮೇಲೆ ಮರದ ಮಂಡಿಯೊಂದು, ಪ್ರೆಟ್ಜೆಲ್ ಎಂಬ ಉಪ್ಪುಬಿಸ್ಕತ್ತು ಮಾಡುವ ಕಂಪನಿಯೊಂದು ಸೇರಿಕೊಂಡು ಮೂರು ತಂಡಗಳಾದವು. 1939ರ ಜೂನ್ 6ರಂದು ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಲಂಡಿ ಲಂಬರ್ ತಂಡ ಲೈಕಮಿಂಗ್ ಡೇರಿ ತಂಡವನ್ನು 23–8ರಿಂದ ಸೋಲಿಸಿತು. ಮೊದಲು ದುಡ್ಡು ಕೊಟ್ಟ ಪುಣ್ಯಾತ್ಮರ ತಂಡಕ್ಕೇ ಮೊದಲ ಸೋಲು!

ಅಂಗಡಿಯವರ ದುಡ್ಡು, ಅಪ್ಪಅಮ್ಮಂದಿರ ದುಡಿಮೆ. ಇಂದಿಗೂ ಲೆಕ್ಕ ಅದೇ. ನನ್ನ ಮೊಮ್ಮಗನ ಅಂಗಿಯ ಬೆನ್ನಿನ ಮೇಲೆ ಅವನ ಹೆಸರಿರಲಿಲ್ಲ, ಊರಿನ ಹಲ್ಲಿನ ಡಾಕ್ಟರ ಹೆಸರಿತ್ತು. ಮೈದಾನದ ಬೇಲಿಯುದ್ದಕ್ಕೂ ಪಿಜ್ಜಾ ಅಂಗಡಿ, ಗ್ಯಾರೇಜು, ಮನೆ ಮಾರುವ ಏಜೆಂಟರು, ಶವಸಂಸ್ಕಾರ ಮಾಡಿಸುವವರು ಎಲ್ಲರ ಬೋರ್ಡೂ ತೂಗುತ್ತದೆ. ಮಕ್ಕಳ ಆಟದ ಬೇಲಿಯ ಮೇಲೆ ಆ ಕೊನೆಯವರ ಜಾಹೀರಾತು ನನಗೇನೋ ಕಸಿವಿಸಿ ಮಾಡಿತು. ಅಲ್ಲಿನವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಪ್ರತಿ ಊರಿನ ಲೀಗ್ ತನ್ನಷ್ಟಕ್ಕೆ ಒಂದು ಸಂಘ. ವಿಲಿಯಮ್ಸ್‌ಪೋರ್ಟಿನ ಕೇಂದ್ರದಿಂದ ವರ್ಷವರ್ಷವೂ ಪರವಾನಗಿ ಪಡೆಯಬೇಕು, ಅಲ್ಲಿಯ ನಿಯಮ ಪಾಲಿಸಬೇಕು, ಉಳಿದಂತೆ ಅಧ್ಯಕ್ಷರು, ಖಜಾಂಚಿ, ಪದಾಧಿಕಾರಿಗಳ ಚುನಾವಣೆ, ಜಗಳ, ರಾಜಿ ಎಲ್ಲ ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯ ಹಾಗೆಯೇ. ಹಿಮ ಬೀಳುವ ತಿಂಗಳುಗಳಲ್ಲಿ ಹೆಸರು ನೋಂದಣಿ. ನಾಲ್ಕೈದು ವರ್ಷದ ಪುಟಾಣಿಗಳಿಗೆ ಕಂಬದಂಥ ಒಂದು ಸ್ಟ್ಯಾಂಡಿನ ಮೇಲೆ ಚೆಂಡಿಟ್ಟು ಹೊಡೆಸುವ ಟೀ-ಬಾಲ್, ಅದರ ಮೇಲಿನವರಿಗೆ ಕೋಚೇ ಮೆಲ್ಲಗೆ ಎಸೆಯುವ ಆಟ, ಆಮೇಲೆ ಮಕ್ಕಳೇ ಎಸೆಯುವ ಹಂತಗಳು, ಹನ್ನೆರಡರವರೆಗೆ. ವಸಂತದ ಮೊದಲಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಸೆತ, ಹಿಡಿತ, ಓಟ ನೋಡಿ ಅಂಕ ಹಾಕುತ್ತಾರೆ. ಅದನ್ನಿಟ್ಟುಕೊಂಡು ಕೋಚ್‌ಗಳು ಒಬ್ಬೊಬ್ಬರಂತೆ ಸರದಿಯಲ್ಲಿ ಆಯ್ದುಕೊಳ್ಳುತ್ತಾರೆ. ಒಳ್ಳೆಯವರೆಲ್ಲ ಒಂದೇ ತಂಡಕ್ಕೆ ಹೋಗಬಾರದು ಎಂಬುದು ಉದ್ದೇಶ. ಗೆಳೆಯರ ಮಕ್ಕಳನ್ನು ಒಳಗೊಳಗೇ ಹಂಚಿಕೊಳ್ಳುವ ಕೋಚ್‌ಗಳೂ ಇದ್ದಾರೆ ಎಂದು ಅಂಗಡಿಯ ಬಳಿ ಗೊಣಗುವವರು ನನಗೇ ಸಿಕ್ಕರು.

ಏಪ್ರಿಲಿನಲ್ಲಿ ಸೀಸನ್ನಿನ ಮೊದಲ ದಿನ ಊರಿನ ಮುಖ್ಯಬೀದಿಯಲ್ಲಿ ಮೆರವಣಿಗೆ. ಮುಂದೆ ಅಗ್ನಿಶಾಮಕ ದಳದ ಕೆಂಪು ಲಾರಿ ಸೈರನ್ ಹಾಕಿಕೊಂಡು, ಹಿಂದೆ ಬಣ್ಣಬಣ್ಣದ ಅಂಗಿಯಲ್ಲಿ ಮಕ್ಕಳ ತಂಡಗಳು. ನಾನು ಹೋಗುವ ಹೊತ್ತಿಗೆ ಅದು ಮುಗಿದಿತ್ತು, ಮಗಳು ವಿಡಿಯೊ ತೋರಿಸಿದಳು. ಜೂನ್ ಮಧ್ಯದವರೆಗೆ ವಾರಕ್ಕೆ ಎರಡು ಆಟ. ಮಳೆ ಬಂದರೆ ಅಪ್ಪಂದಿರು ಕುಂಟೆಯಂಥ ದೊಡ್ಡ ಹಲ್ಲಿನ ಕೋಲುಗಳನ್ನು ಹಿಡಿದು ಕೆಸರು ಕೆದರುತ್ತಾರೆ. ಹೊಲ ಬಿಟ್ಟು ಸಾಫ್ಟ್‌ವೇರಿಗೆ ಬಂದ ನಮ್ಮ ಕಡೆಯವರು ಅಮೆರಿಕದಲ್ಲಿ ಮತ್ತೆ ಕುಂಟೆ ಹಿಡಿದದ್ದನ್ನು ನೋಡಿ ನಕ್ಕುಬಿಟ್ಟೆ. ಕೋಚ್ ಆಗಲಿ, ಸಾಮಾನು ಹೊರುವವನಾಗಲಿ, ಮಕ್ಕಳೊಡನೆ ನಿಯಮಿತವಾಗಿ ಒಡನಾಡುವ ಪ್ರತಿಯೊಬ್ಬ ವಯಸ್ಕನ ಮೇಲೂ ಕ್ರಿಮಿನಲ್ ಕೇಸುಗಳಿವೆಯೇ ಎಂದು ವರ್ಷವರ್ಷವೂ ತಪಾಸಣೆ ಮಾಡಿಸಬೇಕು. ಇದು ಕಡ್ಡಾಯ. ನಮ್ಮ ಬೇಸಿಗೆ ಶಿಬಿರಗಳಲ್ಲಿ ಮಗುವನ್ನು ಬಿಟ್ಟು ಬರುವಾಗ ನಾವು ಕೇಳುವುದು ಫೀಸೆಷ್ಟು, ಬಸ್ಸಿದೆಯೇ ಎಂದು ಮಾತ್ರ.

ಫೀಸಿನ ಮಾತು ಬಂತಲ್ಲ, ಲಿಟಲ್ ಲೀಗಿನ ನಿಬಂಧನೆಗಳಲ್ಲಿ ಒಂದು ವಾಕ್ಯವಿದೆ. ನೋಂದಣಿ ಶುಲ್ಕ ಕೇಳಬಹುದು, ಆದರೆ ಶುಲ್ಕ ಕಟ್ಟಿದರೆ ಮಾತ್ರ ಆಟ ಎಂದು ಯಾವ ಕಾರಣಕ್ಕೂ ಹೇಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಸ್ಥಳೀಯ ಲೀಗುಗಳು ಇದನ್ನು ಸದ್ದಿಲ್ಲದೆ ನಡೆಸುತ್ತವೆ. ಮಗಳ ಊರಿನ ಲೀಗಿನಲ್ಲಿ ಖಜಾಂಚಿಯೊಬ್ಬರನ್ನು ಬಿಟ್ಟು ಬೇರಾರಿಗೂ ಯಾರು ಕಟ್ಟಿಲ್ಲ ಎಂದು ಗೊತ್ತಾಗುವುದಿಲ್ಲ. ಮಾರ್ಚಿನಲ್ಲಿ ಹಳೆಯ ಸಾಮಾನಿನ ವಿನಿಮಯದ ದಿನವೊಂದಿದೆ. ಕಾಲಿಗೆ ಚಿಕ್ಕದಾದ ಮುಳ್ಳಿನ ಬೂಟು, ಕೈಗೆ ಬಿಗಿಯಾದ ಗ್ಲೌಸು ತಂದಿಟ್ಟು, ದೊಡ್ಡದನ್ನು ಆರಿಸಿಕೊಂಡು ಹೋಗುವುದು. ಬಡವರೂ ಸಾಹುಕಾರರೂ ಒಂದೇ ಮೇಜಿನಿಂದ ತೆಗೆದುಕೊಳ್ಳುವುದರಿಂದ ಯಾರ ಮುಖವೂ ಬಾಡುವುದಿಲ್ಲ.

ನನಗೆ ತುಂಬ ಹಿಡಿಸಿದ ಎರಡು ನಿಯಮಗಳನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೊದಲನೆಯದು ಕಡ್ಡಾಯ ಆಟ. ತಂಡದ ಪಟ್ಟಿಯಲ್ಲಿರುವ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಒಂದು ಸಲವಾದರೂ ಬ್ಯಾಟು ಹಿಡಿಯಬೇಕು, ಎದುರಾಳಿಯ ಆರು ಮಂದಿ ಔಟಾಗುವಷ್ಟು ಹೊತ್ತು ಮೈದಾನದಲ್ಲಿ ನಿಲ್ಲಬೇಕು. ಚೆಂಡು ಕಂಡರೆ ಕಣ್ಣು ಮುಚ್ಚಿಕೊಳ್ಳುವ ಮಗುವಿಗೂ ಇದು ಅನ್ವಯ. ಕೋಚ್ ತಪ್ಪಿದರೆ ದಂಡನೆ ಕೋಚಿಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಕ್ರಿಕೆಟ್ ತಂಡದ ಹನ್ನೆರಡನೆಯವನಾಗಿ ನೀರಿನ ಬಕೆಟ್ಟು ಹೊತ್ತಿದ್ದೇನೆ. ಒಂದೇ ಒಂದು ಓವರಿಗೂ ಯಾರೂ ಕರೆಯಲಿಲ್ಲ. ಆದ್ದರಿಂದ ಈ ನಿಯಮ ಓದುವಾಗ ನಾನು ನಿಷ್ಪಕ್ಷಪಾತಿಯಾಗಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯದು ಎಸೆತಗಳ ಲೆಕ್ಕ. ಬೇಸ್‌ಬಾಲಿನ ಎಸೆತ ನಮ್ಮ ಬೌಲಿಂಗಿನಂತಲ್ಲ. ಮೊಣಕೈ ಮಡಚಿ, ತೋಳನ್ನು ಹಿಂದಕ್ಕೆಳೆದು, ಚಾಟಿ ಬೀಸಿದ ಹಾಗೆ ಬೀಸುವುದು. ಅದರ ಭಾರವೆಲ್ಲ ಮೊಣಕೈಯ ಒಳಬದಿಯ ಒಂದು ಸಣ್ಣ ಅಸ್ಥಿಬಂಧದ ಮೇಲೆ ಬೀಳುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ವೃತ್ತಿಪರ ಪಿಚರ್‌ಗೆ ಅದು ಹರಿದಾಗ ಡಾಕ್ಟರ್ ಫ್ರಾಂಕ್ ಜೋಬ್ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಹೊಲಿದರು. ಆತ ಮತ್ತೆ ಆಡಿದ, ಆ ಶಸ್ತ್ರಚಿಕಿತ್ಸೆಗೆ ಆತನ ಹೆಸರೇ ಬಿತ್ತು. ಮೂವತ್ತು ದಾಟಿದ ಆಟಗಾರನಿಗೆಂದು ಹುಟ್ಟಿದ ಆ ಚಿಕಿತ್ಸೆಗೆ ಬರಬರುತ್ತ ಹೈಸ್ಕೂಲಿನ ಹುಡುಗರು ಸಾಲುಗಟ್ಟಿದರು. ಮಕ್ಕಳಿಗೆ ಇನ್ನೂ ಒಂದು ಅಪಾಯವಿದೆ: ಅವರ ಮೂಳೆಯ ತುದಿಗಳಲ್ಲಿ ಬೆಳೆಯುವ ಭಾಗ ಮೆದು, ಮತ್ತೆ ಮತ್ತೆ ಎಳೆದರೆ ಅದೇ ಬಿರುಕು ಬಿಡುತ್ತದೆ. ಚೆನ್ನಾಗಿ ಎಸೆಯುವ ಮಗುವಿಗೇ ಈ ಆಪತ್ತು ಹೆಚ್ಚು, ಏಕೆಂದರೆ ಗೆಲ್ಲಬೇಕಾದಾಗಲೆಲ್ಲ ಕೋಚ್ ಚೆಂಡು ಕೊಡುವುದು ಅವನಿಗೇ.

ಮೊದಲೆಲ್ಲ ಇನ್ನಿಂಗ್ಸ್ ಲೆಕ್ಕದಲ್ಲಿ ಮಿತಿಯಿತ್ತು. ಒಂದು ಇನ್ನಿಂಗ್ಸಿನಲ್ಲಿ ಹತ್ತು ಎಸೆತವಾದರೂ ಒಂದೇ, ನಲವತ್ತಾದರೂ ಒಂದೇ. 2007ರಿಂದ ಎಸೆತಗಳನ್ನೇ ಎಣಿಸುವ ನಿಯಮ ಬಂತು. ಹನ್ನೊಂದು ಹನ್ನೆರಡರ ಮಕ್ಕಳಿಗೆ ದಿನಕ್ಕೆ 85, ಒಂಬತ್ತು ಹತ್ತರವರಿಗೆ 75, ಏಳೆಂಟರವರಿಗೆ 50. ಹದಿನಾಲ್ಕರೊಳಗಿನವರು 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ರಜೆ, 20ರೊಳಗೆ ನಿಲ್ಲಿಸಿದರೆ ಮರುದಿನವೇ ಎಸೆಯಬಹುದು. 41 ಎಸೆತ ಮುಟ್ಟಿದವನು ಆ ದಿನ ಬ್ಯಾಟ್ಸ್‌ಮನ್ನಿನ ಹಿಂದೆ ಕೂರುವ ಕ್ಯಾಚರ್ ಆಗುವಂತೆಯೂ ಇಲ್ಲ, ಏಕೆಂದರೆ ಕ್ಯಾಚರ್ ಪ್ರತಿ ಚೆಂಡನ್ನೂ ವಾಪಸು ಎಸೆಯುತ್ತಲೇ ಇರಬೇಕು. ಬೇಲಿಯ ಹಿಂದೆ ಕೂತು ಒಬ್ಬರು ಕೈಯಲ್ಲೊಂದು ಎಣಿಕೆಯ ಗುಂಡಿ ಹಿಡಿದು ಟಿಕ್ ಟಿಕ್ ಎನ್ನಿಸುತ್ತಿರುತ್ತಾರೆ. ಒಂದು ಶನಿವಾರ ಆ ಕೆಲಸ ಅಳಿಯನ ಪಾಲಿಗೆ ಬಂದು, ಅವನು ಫೋನಿಗೆ ಎದ್ದುಹೋದ ಹದಿನೈದು ನಿಮಿಷ ನಾನು ಎಣಿಸಿದೆ. ಅಮೆರಿಕದಲ್ಲಿ ನಾನು ಮಾಡಿದ ಏಕೈಕ ಉದ್ಯೋಗ ಅದು.

ಇಷ್ಟೆಲ್ಲ ಮಕ್ಕಳ ಪರವಾದ ನಿಯಮ ಬರೆದವರು ಎರಡು ಬಗೆಯ ಮಕ್ಕಳ ವಿಷಯದಲ್ಲಿ ಮಾತ್ರ ಬಹುಕಾಲ ಎಡವಿದರು. ಕಥೆ ಸ್ವಲ್ಪ ಕಹಿ.

1955ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಕ್ಯಾನನ್ ಸ್ಟ್ರೀಟ್ ವೈಎಂಸಿಎಯ ಕಪ್ಪು ಮಕ್ಕಳ ತಂಡವೊಂದು ಟೂರ್ನಿಗೆ ಹೆಸರು ಕೊಟ್ಟಿತು. ಕಪ್ಪು ಮಕ್ಕಳ ಎದುರು ಆಡುವುದಿಲ್ಲವೆಂದು ಆ ರಾಜ್ಯದ ಬಿಳಿಯರ 61 ಲೀಗುಗಳೂ ಹಿಂದೆ ಸರಿದವು. ಆಡಿ, ಇಲ್ಲವೇ ಹೊರಗಿರಿ ಎಂದು ಕೇಂದ್ರದವರು ಹಟ ಹಿಡಿದದ್ದು ನಿಜ, ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು. ಆದರೆ ಎದುರಾಳಿಯೇ ಇಲ್ಲದೆ ರಾಜ್ಯದ ಚಾಂಪಿಯನ್ನರಾದ ಮಕ್ಕಳು ಮುಂದಿನ ಸುತ್ತಿಗೆ ಹೊರಟಾಗ ಅದೇ ಕೇಂದ್ರದವರು ನಿಯಮಗಳ ಪುಸ್ತಕ ತೆರೆದರು. ಮೈದಾನದಲ್ಲಿ ಆಡಿ ಗೆದ್ದ ತಂಡ ಮಾತ್ರ ಮುಂದೆ ಹೋಗಬಹುದು, ನೀವು ಆಡಿಲ್ಲ! ಆಡದೆ ಹೋದದ್ದು ಯಾರ ತಪ್ಪು ಎಂದು ಪುಸ್ತಕ ಕೇಳಲಿಲ್ಲ. ಸಮಾಧಾನಕ್ಕೆಂದು ವಿಲಿಯಮ್ಸ್‌ಪೋರ್ಟಿನ ಫೈನಲ್ಲಿಗೆ ಅವರನ್ನು ಅತಿಥಿಗಳಾಗಿ ಕರೆದರು. ಹನ್ನೊಂದು ಹನ್ನೆರಡು ವರ್ಷದ ಆ ಮಕ್ಕಳು ಬಸ್ಸಿನಲ್ಲಿ ಅಷ್ಟು ದೂರ ಹೋಗಿ, ಅಂಗಿ ತೊಟ್ಟು, ಸ್ವಲ್ಪ ಹೊತ್ತು ಮೈದಾನದಲ್ಲಿ ಕೈಕಾಲು ಆಡಿಸಿದರು. ಆಡಲು ಬಿಡಿ ಎಂದು ಜನ ಕೂಗಿದರು. ಬಿಡಲಿಲ್ಲ. ಮಕ್ಕಳು ಗ್ಯಾಲರಿಯಲ್ಲಿ ಕೂತು ಬೇರೆಯವರ ಆಟ ನೋಡಿ ಊರಿಗೆ ಹೋದರು. ಮಾಂಟ್ಗೊಮರಿಯಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡದೆ ಕೂತದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಲಿಟಲ್ ಲೀಗಿನಿಂದ ಹೊರಬಿದ್ದ ಬಿಳಿಯರು ತಮ್ಮದೇ ಬೇರೆ ಲೀಗ್ ಕಟ್ಟಿಕೊಂಡರು, ಬಿಳಿಯರಿಗೆ ಮಾತ್ರ ಎಂದು ಅದರ ನಿಯಮದಲ್ಲೇ ಬರೆದುಕೊಂಡಿದ್ದರು. ಕ್ಯಾನನ್ ಸ್ಟ್ರೀಟಿನ ಮಕ್ಕಳಿಗೆ 1955ರ ರಾಜ್ಯ ಚಾಂಪಿಯನ್ನರ ಪತಾಕೆ ಸಿಕ್ಕಿದ್ದು 2002ರಲ್ಲಿ. ಆಗ ಅವರಿಗೆ ಅರವತ್ತರ ಹತ್ತಿರ.

ಹುಡುಗಿಯರ ಕಥೆಯಲ್ಲಿ ಪುಸ್ತಕವೇ ಮೊದಲಿನಿಂದ ವಿರುದ್ಧವಾಗಿತ್ತು. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಥರಿನ್ ಜಾನ್ಸ್ಟನ್ ಎಂಬ ಹುಡುಗಿ ಕೂದಲು ಕತ್ತರಿಸಿಕೊಂಡು ಹುಡುಗನ ಹೆಸರಿನಲ್ಲಿ ತಂಡ ಸೇರಿ ಆಡಿದ್ದಳು. ಮರುವರ್ಷವೇ, ಹುಡುಗಿಯರಿಗೆ ಯಾವ ಪರಿಸ್ಥಿತಿಯಲ್ಲೂ ಪ್ರವೇಶವಿಲ್ಲ ಎಂಬ ನಿಯಮ ಬಂತು. 1972ರಲ್ಲಿ, ನನ್ನ ಮಗಳ ಮನೆಯಿಂದ ರೈಲಿನಲ್ಲಿ ಹೋಗಿಬರಬಹುದಾದ ಹೊಬೋಕನ್ ಊರಿನಲ್ಲಿ ಹನ್ನೆರಡು ವರ್ಷದ ಮರಿಯಾ ಪೇಪೆ ಮೂರು ಪಂದ್ಯಗಳಲ್ಲಿ ಪಿಚರ್ ಆದಳು. ಅವಳನ್ನು ತೆಗೆಯದಿದ್ದರೆ ಊರಿನ ಲೀಗಿನ ಪರವಾನಗಿಯನ್ನೇ ರದ್ದು ಮಾಡುತ್ತೇವೆ ಎಂದು ಮೇಲಿನಿಂದ ಬೆದರಿಕೆ ಬಂತು. ಕೋಚ್ ಮನಸ್ಸಿಲ್ಲದ ಮನಸ್ಸಿನಿಂದ ಅಂಗಿ ವಾಪಸು ಕೇಳಬೇಕಾಯಿತು. ಮಹಿಳಾ ಸಂಘಟನೆಯೊಂದು ದೂರು ಒಯ್ದಿತು. ಹುಡುಗಿಯರ ಮೂಳೆ ಹುಡುಗರಷ್ಟು ಗಟ್ಟಿಯಲ್ಲ ಎಂದು ಲಿಟಲ್ ಲೀಗಿನ ಪರವಾಗಿ ವಿಜ್ಞಾನದ ಹೆಸರಿನಲ್ಲಿ ವಾದ ನಡೆಯಿತು. 1973ರ ನವೆಂಬರಿನಲ್ಲಿ ಅಧಿಕಾರಿ ಸಿಲ್ವಿಯಾ ಪ್ರೆಸ್ಲರ್ ಅದನ್ನು ತಳ್ಳಿಹಾಕಿ ಹುಡುಗಿಯರ ಪರ ತೀರ್ಪು ಕೊಟ್ಟರು. 1974ರಲ್ಲಿ ದೇಶದ ಕಾನೂನಿನಲ್ಲೇ ಲೀಗಿನ ಸನ್ನದಿನಿಂದ 'ಹುಡುಗರು' ಎಂಬ ಮಾತು ಹೋಗಿ 'ಎಳೆಯರು' ಎಂಬರ್ಥದ ಮಾತು ಬಂತು. ಅಷ್ಟು ಹೊತ್ತಿಗೆ ಮರಿಯಾಗೆ ವಯಸ್ಸು ಮೀರಿತ್ತು, ಅವಳು ಆಡಲಿಲ್ಲ. ಸರಿಯಾಗಿ ನಲವತ್ತು ವರ್ಷದ ಮೇಲೆ, 2014ರ ಆಗಸ್ಟಿನಲ್ಲಿ ಫಿಲಡೆಲ್ಫಿಯಾದ ಹದಿಮೂರರ ಕಪ್ಪು ಹುಡುಗಿ ಮೋನೇ ಡೇವಿಸ್ ವಿಲಿಯಮ್ಸ್‌ಪೋರ್ಟಿನ ವಿಶ್ವ ಸರಣಿಯಲ್ಲಿ ಎದುರು ತಂಡಕ್ಕೆ ಒಂದು ರನ್ನನ್ನೂ ಕೊಡದೆ ಗೆದ್ದಳು. ಗಂಟೆಗೆ 70 ಮೈಲಿ ವೇಗದ ಎಸೆತ. ಇದನ್ನು ಓದಿದಾಗ ಮೂಳೆಯ ವಾದ ಮಾಡಿದವರ ನೆನಪು ನನಗೆ ಬಂತು.

ಅದೇ 2014ರ ಸರಣಿಯಲ್ಲಿ ಶಿಕಾಗೋದ ಕಪ್ಪು ಮಕ್ಕಳ ತಂಡವೊಂದು ಅಮೆರಿಕದ ಚಾಂಪಿಯನ್ ಆಗಿ, ಆರು ತಿಂಗಳಲ್ಲೇ ಪಟ್ಟ ಕಳೆದುಕೊಂಡಿತು. ಪ್ರತಿ ಲೀಗಿಗೂ ನಕ್ಷೆಯಲ್ಲಿ ಗೆರೆ ಎಳೆದ ಒಂದು ಸರಹದ್ದಿರುತ್ತದೆ, ಅದರೊಳಗಿನ ಮಕ್ಕಳನ್ನೇ ಆಡಿಸಬೇಕು. ಹಿರಿಯರು ಸರಹದ್ದಿನಾಚೆಯ ಮಕ್ಕಳನ್ನು ಸೇರಿಸಿಕೊಂಡಿದ್ದರು. 2001ರಲ್ಲಿ ಬ್ರಾಂಕ್ಸಿನ ತಂಡದ ಪಿಚರ್ ಒಬ್ಬ ಹದಿನಾಲ್ಕು ವರ್ಷದವನೆಂದು ಬಯಲಾದದ್ದೂ ಹೀಗೆಯೇ, ಜನನ ಪತ್ರ ತಿದ್ದಿದವರು ದೊಡ್ಡವರು. ವಯಸ್ಸು ಕದಿಯುವ ಕಲೆ ನಮಗೇನೂ ಹೊಸದಲ್ಲ. ನಮ್ಮ ಹದಿನಾರರೊಳಗಿನ ಕ್ರಿಕೆಟ್ಟಿಗೆ ಬಿಸಿಸಿಐ ಕೈಮೂಳೆಯ ಎಕ್ಸ್‌ರೇ ತೆಗೆಸಿ ವಯಸ್ಸು ನೋಡುವ ಸ್ಥಿತಿ ಬಂದದ್ದು ಸುಮ್ಮನೆ ಅಲ್ಲ. ಮೋಸ ಮಾಡಿದ್ದು ದೊಡ್ಡವರು, ಪಟ್ಟ ಕಳೆದುಕೊಂಡದ್ದು ಮಕ್ಕಳು. ಹನ್ನೆರಡು ವರ್ಷದವರ ಆಟವನ್ನು ಟಿವಿಯಲ್ಲಿ ದೇಶಕ್ಕೆಲ್ಲ ತೋರಿಸುವುದರಲ್ಲೇ ಇದರ ಬೇರಿದೆ ಎಂಬುದು ನನ್ನ ಅನಿಸಿಕೆ. ಕಾರ್ಲ್ ಸ್ಟಾಟ್ಜ್‌ಗೂ ಈ ಮೆರೆದಾಟ ಸರಿಬೀಳಲಿಲ್ಲ. ತಾನೇ ಹುಟ್ಟಿಸಿದ ಸಂಸ್ಥೆಯೊಂದಿಗೆ ಕೋರ್ಟು ಹತ್ತಿ ಹೊರಗೆ ನಡೆದ. ಅದೂ ಆ 1955ರ ಹೊತ್ತಿಗೇ.

ಇನ್ನೊಂದು ಕಾಟ ಈಚಿನದು. ಚೆನ್ನಾಗಿ ಆಡುವ ಮಕ್ಕಳನ್ನು ಆರಿಸಿಕೊಂಡು, ವರ್ಷಕ್ಕೆ ಸಾವಿರಾರು ಡಾಲರ್ ಕಟ್ಟಿಸಿಕೊಂಡು, ಊರೂರು ಸುತ್ತಿಸುವ ಖಾಸಗಿ ತಂಡಗಳು. ಅವಕ್ಕೆ ಸರಹದ್ದಿಲ್ಲ, ಎಲ್ಲರನ್ನೂ ಆಡಿಸುವ ಕಟ್ಟುಪಾಡಿಲ್ಲ, ಕೋಚಿಗೆ ಸಂಬಳವಿದೆ. ನಮ್ಮ ಕಡೆಯ ಐಟಿ ಕುಟುಂಬಗಳು ಆ ಕಡೆಗೆ ಹೆಚ್ಚು ಹೆಚ್ಚು ವಾಲುತ್ತಿರುವುದನ್ನು ಕನ್ನಡ ಕೂಟದ ಊಟದ ಸಾಲಿನಲ್ಲೇ ಕೇಳಿಸಿಕೊಂಡೆ. "ಕಾಲೇಜಿನ ಅಪ್ಲಿಕೇಶನ್ನಿಗೆ ಅನುಕೂಲ ಅಂಕಲ್" ಎಂದರು ಒಬ್ಬರು. ಎಂಟು ವರ್ಷದ ಮಗು, ಹತ್ತು ವರ್ಷ ಆಚೆಯ ಅರ್ಜಿ. ನಾನು ಮೊಸರನ್ನದ ಕಡೆ ತಿರುಗಿದೆ.

ಭಾನುವಾರಗಳಂದು ಮಧ್ಯಾಹ್ನ ಅದೇ ಮೈದಾನದಲ್ಲಿ ಬೇರೊಂದು ಆಟ ನಡೆಯುತ್ತದೆ. ಅಂಗವೈಕಲ್ಯ, ಬುದ್ಧಿಮಾಂದ್ಯ, ಆಟಿಸಂ ಇರುವ ಮಕ್ಕಳಿಗೆಂದು 1989ರಲ್ಲಿ ಲಿಟಲ್ ಲೀಗ್ ತೆರೆದ ಚಾಲೆಂಜರ್ ವಿಭಾಗ. ಪ್ರತಿ ಆಟಗಾರನ ಜೊತೆಗೆ ಮಾಮೂಲಿ ತಂಡಗಳ ಮಕ್ಕಳಲ್ಲೊಬ್ಬರು ಜೋಡಿಯಾಗಿ ನಿಲ್ಲುತ್ತಾರೆ. ಅವರನ್ನು ಅಲ್ಲಿ ಬಡ್ಡಿ ಎನ್ನುತ್ತಾರೆ. ನಮ್ಮ ಬಡ್ಡಿಯಲ್ಲ, ಗೆಳೆಯ ಎಂದರ್ಥ. ನನ್ನ ಹದಿಮೂರರ ಮೊಮ್ಮಗಳು ಅಲ್ಲಿ ಬಡ್ಡಿ. ಗಾಲಿಕುರ್ಚಿಯ ಹುಡುಗನೊಬ್ಬನ ಹಿಂದೆ ನಿಂತು, ಅವನು ಚೆಂಡು ಹೊಡೆದ ಕೂಡಲೇ ಕುರ್ಚಿ ತಳ್ಳಿಕೊಂಡು ಮೊದಲ ಬೇಸಿಗೆ ಓಡುತ್ತಾಳೆ. ಅವನು ಕೈಯೆತ್ತಿ ಕೂಗುತ್ತಾನೆ, ಹೆಚ್ಚಾಗಿ ವೇಗ ಸಾಲದೆಂದು ಇವಳನ್ನು ಬೈಯುವುದಕ್ಕೆ. ಇನ್ನೊಂದು ಹುಡುಗಿ ಬ್ಯಾಟು ಹಿಡಿದು ನಿಂತು ಹನ್ನೊಂದು ಎಸೆತಗಳನ್ನು ನೋಡಿದಳು, ಬೀಸಲೇ ಇಲ್ಲ. ಯಾರೂ ಅವಸರ ಮಾಡಲಿಲ್ಲ. ಹನ್ನೆರಡನೆಯದಕ್ಕೆ ಬೀಸಿದಳು, ತಾಗಿತು, ಓಡುವ ಬದಲು ಚೆಂಡಿನ ಹಿಂದೆಯೇ ನಡೆದುಕೊಂಡು ಹೋಗಿ ಅದನ್ನೆತ್ತಿ ಪಿಚರ್ ಕೈಗೆ ಕೊಟ್ಟಳು. ಪಿಚರ್ ಧನ್ಯವಾದ ಹೇಳಿದ. ಅಲ್ಲಿ ಅಂಕ ಬರೆಯುವುದಿಲ್ಲ, ಔಟು ಎಣಿಸುವುದಿಲ್ಲ, ಪ್ರತಿ ಇನ್ನಿಂಗ್ಸಿನಲ್ಲಿ ಎಲ್ಲರೂ ಬ್ಯಾಟು ಮಾಡುತ್ತಾರೆ. ಮಕ್ಕಳ ಅಪ್ಪಅಮ್ಮಂದಿರು ಆ ಒಂದು ಗಂಟೆ ಮಡಚುಕುರ್ಚಿಯಲ್ಲಿ ಕಾಲುಚಾಚಿ ಕಾಫಿ ಕುಡಿಯುತ್ತಾರೆ. ಒಬ್ಬ ತಾಯಿ ನಿದ್ದೆಯನ್ನೇ ಹೋಗಿದ್ದರು. ವಾರಕ್ಕೆ ಅವರಿಗೆ ಸಿಗುವ ಬಿಡುವು ಅದೊಂದೇ ಇರಬಹುದು ಎಂದು ಮಗಳು ಹೇಳಿದಳು.

ವಿಲಿಯಮ್ಸ್‌ಪೋರ್ಟಿಗೆ ಹೋಗಬೇಕೆಂದು ಆಸೆಯಿತ್ತು, ಆಗಸ್ಟಿನ ವಿಶ್ವ ಸರಣಿಗೆ. ಈಗ 20 ತಂಡಗಳು ಬರುತ್ತವೆ, ಅರ್ಧ ಅಮೆರಿಕದವು, ಅರ್ಧ ಹೊರದೇಶಗಳವು. ಅಮೆರಿಕದ ಹೊರಗೆ ಅತಿ ಹೆಚ್ಚು ಸಲ ಗೆದ್ದಿರುವುದು ತೈವಾನ್. ಪ್ರವೇಶ ಇಂದಿಗೂ ಉಚಿತ. ಮೈದಾನದಾಚೆ ಒಂದು ಹುಲ್ಲಿನ ದಿಬ್ಬವಿದೆ, ಪಂದ್ಯ ಬಿಗಿಯಾದಾಗಲೂ ಮಕ್ಕಳು ಆ ಕಡೆ ಬೆನ್ನು ಹಾಕಿ ರಟ್ಟಿನ ತುಂಡುಗಳ ಮೇಲೆ ಕೂತು ಜಾರುತ್ತಿರುತ್ತಾರಂತೆ. ಆದರೆ ಹೋಗಲಾಗಲಿಲ್ಲ.

ಈ ವರ್ಷ ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗುವವರಿದ್ದರೆ, ಸಾಧ್ಯವಾದರೆ ಏಪ್ರಿಲಿನಿಂದ ಜೂನ್ ಮಧ್ಯದೊಳಗೆ ಹೋಗಿ. ಶನಿವಾರ ಬೆಳಗ್ಗೆ ಹತ್ತಿರದ ಪಾರ್ಕಿಗೆ ನಡೆಯಿರಿ, ಟಿಕೆಟ್ ಇಲ್ಲ, ಮಡಚುಕುರ್ಚಿಯೊಂದು ಒಯ್ದರೆ ಸಾಕು. ಅಂಪೈರ್ ಹೈಸ್ಕೂಲಿನ ಹುಡುಗನಾಗಿರುತ್ತಾನೆ, ತೀರ್ಪು ತಪ್ಪಿದರೂ ಕೂಗಬೇಡಿ. ನಿಮ್ಮ ಮೊಮ್ಮಗು ಬ್ಯಾಟು ಹಿಡಿದುಕೊಂಡೇ ಓಡಿದರೆ ಗಾಬರಿಯೂ ಬೇಡ. ನಮ್ಮವನು ಜೂನ್ ಎರಡನೇ ವಾರ, ಸೀಸನ್ನಿನ ಕೊನೆಯ ಪಂದ್ಯದಲ್ಲಿ, ಮೊದಲ ಬಾರಿಗೆ ಬ್ಯಾಟು ಬಿಟ್ಟು ಓಡಿದ. ಔಟಾದ.